ಯಾರೆಮಾನಿಗೆ ಸಿಕ್ಕಿದ್ದ ರಜೆ

ಬಂಧುಗಳೇ, ಟ್ರಾಮ್ ಡಿಪೋದ ನನ್ನ ಜೊತೆಗಾರರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಯಾರೆಮಾನ ತಾಯಿ ಪರಸ್ಕೇವಿಯಾ ಅವರೇ, ಅವನ ಹೆಂಡತಿ ಸೊಲೊಮಿಯಾ — ನಿಮ್ಮೆಲ್ಲರಿಗೂ ತಲೆಬಾಗುತ್ತೇನೆ. ನಮ್ಮ ಯಾರೆಮಾ ತೀರಿಕೊಂಡು ಇವತ್ತಿಗೆ ನಲವತ್ತು ದಿನ.

ಹನ್ನೊಂದು ವರ್ಷ ಅವನು ಈ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡಿದ. ನಾನು ಅವನ ಪಾಳಿಯ ಮೇಸ್ತ್ರಿ. ಯುದ್ಧ ಬಂತು — ಇಬ್ಬರೂ ಒಂದೇ ದಿನ ಹೆಸರು ಬರೆಸಿದೆವು. ಇಬ್ಬರನ್ನೂ ಒಂದೇ ಕಾಲಾಳು ಪಡೆಗೆ ಹಾಕಿ ಡೊನೆಟ್ಸ್ಕ್ ಕಡೆಗೆ ಕಳುಹಿಸಿದರು. ಅಲ್ಲಿ ನಾನು ತುಕಡಿಯ ನಾಯಕನಾದೆ. ಅವನ ಬಾಯಲ್ಲಿ ಮಾತ್ರ ಕೊನೆಯವರೆಗೂ ಮೇಸ್ತ್ರಿಯೇ.

ಮೊದಲ ವಾರ ನಾನು ತೋಡಿದ ಕಂದಕದ ಮುಂದೆ ಬಂದು — ಹೀಗೆ — ಸೊಂಟದ ಮೇಲೆ ಕೈಯಿಟ್ಟು ನಿಂತ.

"ಮೇಸ್ತ್ರಿ, ಇದೇನು, ಅಡಗಿಕೊಳ್ಳೋಕೋ ಆಲೂಗಡ್ಡೆ ನೆಡೋಕೋ?"

ಗುದ್ದಲಿ ಕಿತ್ತುಕೊಂಡ. ನನ್ನ ಎದೆಮಟ್ಟಕ್ಕೆ ತೋಡಿಕೊಟ್ಟು, ಆಮೇಲೆ ತನ್ನ ಕಂದಕಕ್ಕೆ ಹೋದ. ಅದೇ ಸಂಜೆ ಶೆಲ್‌ಗಳು ಬಿದ್ದವು. ನಾನಿಲ್ಲಿ ಬದುಕಿ ನಿಂತಿದ್ದೇನೆ.

ಇನ್ನು — ಹೇಳಲೇಬೇಕಾದದ್ದು.

ಸೆಪ್ಟೆಂಬರ್ ಒಂದಕ್ಕೆ ಮಗಳು ದರಿನಾ ಮೊದಲ ಸಲ ಶಾಲೆಗೆ ಹೋಗುವವಳಿದ್ದಳು. ಅವಳ ಕೈಗೆ ಹೂಗುಚ್ಛ ಕೊಟ್ಟು ತಾನೇ ಕರೆದೊಯ್ಯಬೇಕೆಂದು ಯಾರೆಮಾ ರಜೆ ಕೇಳಿದ್ದ. ಸಿಗಲಿಲ್ಲ ಎಂದು ನೀವೆಲ್ಲ ತಿಳಿದಿದ್ದೀರಿ. ಸಿಕ್ಕಿತ್ತು. ಆಗಸ್ಟ್ ಇಪ್ಪತ್ತೇಳರಂದೇ ಸಿಕ್ಕಿತ್ತು. ರಜೆ ಚೀಟಿಯನ್ನು ಅವನ ಕೈಗೆ ಕೊಟ್ಟವನು ನಾನು — ಕೊಟ್ಟು, ತಡೆದವನೂ ನಾನೇ. ಅವನ ಬದಲು ಮೆಷಿನ್ ಗನ್ ಹಿಡಿಯುವವನು ಇನ್ನೂ ಬಂದಿರಲಿಲ್ಲ.

"ಎರಡೇ ದಿನ ಇರು ಯಾರೆಮಾ. ಆಜ್ಞೆ ಅಲ್ಲ, ಕೇಳ್ಕೊಳ್ತಿದ್ದೀನಿ," ಅಂದೆ.

ಅವನು ಬೂಟಿನ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. "ಆಜ್ಞೆ ಮಾಡಿದ್ರೆ ಜಗಳ ಆಡ್ತಿದ್ದೆ. ಕೇಳ್ಕೊಂಡ್ರೆ ಏನ್ ಮಾಡ್ಲಿ, ಮೇಸ್ತ್ರಿ?"

ಮನೆಗೆ ಫೋನ್ ಮಾಡಿ, "ರಜೆ ಇನ್ನೂ ಕೊಟ್ಟಿಲ್ಲ ಕಣೇ" ಅಂದ. ನನ್ನ ಹೆಸರೆತ್ತಲಿಲ್ಲ.

ಇಪ್ಪತ್ತೊಂಬತ್ತರ ಮಧ್ಯಾಹ್ನ ನಮ್ಮ ಮೇಲೆ ಮತ್ತೆ ಶೆಲ್ ದಾಳಿ. ಗಾಯಗೊಂಡ ಇಬ್ಬರನ್ನು ಯಾರೆಮಾ ಒಬ್ಬೊಬ್ಬರಾಗಿ ಎಳೆದು ತಂದ. ಮೂರನೆಯವನಿಗಾಗಿ ಹೊರಟಾಗ "ಸಾಕು, ನಿಲ್ಲು" ಎಂದು ಕೂಗಿದೆ. ಆ ಸಲ ಆಜ್ಞೆಯನ್ನೇ ಮಾಡಿದೆ — ಅವನು ಕೇಳಲಿಲ್ಲ. ಹೋದವನೂ ಬರಲಿಲ್ಲ, ಆ ಮೂರನೆಯವನೂ ಬರಲಿಲ್ಲ.

ಅಂತ್ಯಕ್ರಿಯೆಯ ದಿನ ಸೊಲೊಮಿಯಾ ನನ್ನ ತೋಳು ಹಿಡಿದುಕೊಂಡಳು. "ಹ್ನಾತಣ್ಣ, ರಜೆ ಕೊಡದ ಆ ಮನುಷ್ಯನ ಮುಖ ನಂಗೊಂದ್ಸಲ ತೋರ್ಸು," ಅಂದಳು. ಅವಳ ತಲೆ ಸವರಿ ಸುಮ್ಮನಾದೆ. ಇವತ್ತಿನವರೆಗೂ ಸುಮ್ಮನಿದ್ದೆ.

ಸೊಲೊಮಿಯಾ — ಇದೇ ಆ ಮುಖವಮ್ಮ.

ಕ್ಷಮಿಸು ಎನ್ನುತ್ತಿಲ್ಲ. ಇಷ್ಟು ಜನರ ನಡುವೆ ಕೇಳಿಕೊಂಡರೆ ನೀನು ಇಲ್ಲವೆನ್ನಲಾರೆ. ಯಾರೆಮಾನಿಗೆ ಮಾಡಿದ್ದನ್ನೇ ನಿನಗೂ ಮಾಡಿದಂತಾಗುತ್ತದೆ. ಆದರೆ ಅಪ್ಪ ಯಾಕೆ ಬರಲಿಲ್ಲ ಎಂದು ದರಿನಾ ಕೇಳಿದಾಗ ನಿಜ ಹೇಳು. ಅಪ್ಪ ಬೂಟು ಹಾಕಿಕೊಂಡು ಹೊರಟು ನಿಂತಿದ್ದ, ಹ್ನಾತ್ ಎನ್ನುವವನು ನಿಲ್ಲಿಸಿಕೊಂಡ ಎಂದು ಹೇಳು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ತಾಯಿ ಪರಸ್ಕೇವಿಯಾ, ನಿಮ್ಮ ಮಂಡಿ ನೋಯುತ್ತದೆ, ನೀವು ಕುಳಿತೇ ಇರಿ. ಎರಡು ನಿಮಿಷ ಮೌನವಾಗಿ ನಮ್ಮ ಯಾರೆಮಾನನ್ನು ನೆನೆಯೋಣ. ನಾನು ಕೆಳಗಿಳಿದು ಕೊನೆಯ ಸಾಲಿನಲ್ಲಿ ನಿಲ್ಲುತ್ತೇನೆ.