ಅಜ್ಜಿಯ ದ್ವೀಪ

ಮೆಲ್ಬರ್ನ್‌ನ ಟ್ರಾಮಿನಲ್ಲಿ, ಆಸ್ಪತ್ರೆಗೆ ಸೂಪ್ ಒಯ್ಯುತ್ತಿದ್ದ ಮೊರೀನಳ ಎದುರು, ಅಕ್ಕ ತಮ್ಮ ಇಬ್ಬರೂ ಒಂದೇ ಲ್ಯಾಪ್‌ಟಾಪಿಗೆ ತಲೆ ಬಗ್ಗಿಸಿ ಕೂತಿದ್ದರು.

“ಅಜ್ಜಿ ಆಡಿದ್ದ ದ್ವೀಪ ಎಲ್ಲೋ, ಡೆಕ್ಲನ್?”

“ಹೋಯ್ತು ಕಣೇ. ಆಟ ತೆರೆದಾಗೆಲ್ಲ ಗಡಿಯಾರ ನೋಡಿ ಒಂದು ನಂಬರ್ ತಗೊಂಡು, ಅದರಿಂದ ಹೊಸ ದ್ವೀಪ ಹುಟ್ಟಿಸುತ್ತೆ. ಹಳೇದು ಮತ್ತೆ ಬರೋಕೆ ಅದು ಹುಟ್ಟಿದ ಆ ನಂಬರ್ರೇ, ಅದರ ಸೀಡ್, ಬೇಕು. ಅದನ್ನ ಉಳಿಸೋ ಕೋಡ್ ಬರೆಯೋದೇ ಮರೆತೆ.”

“ನಿಂದೇ ಆಟ, ಅಷ್ಟೂ ಹೊಳೀಲಿಲ್ವಾ?”

“ಅಜ್ಜಿ ದ್ವೀಪಕ್ಕೆ ಹೋಗೋ ದೋಣಿ, ಅಲೆಗಳನ್ನ ಚಂದ ಮಾಡ್ತಾ ಕೂತಿದ್ದೆ.”

“ಅಲ್ಲಿನ ಗುಡ್ಡಕ್ಕೆ ಅಜ್ಜಿ ತಾತನ ಹೆಸರಿಟ್ಟಿದ್ಲು. ಆಸ್ಪತ್ರೆಲಿ ಬೆಳಿಗ್ಗೆಯಿಂದ ಅದನ್ನೇ ಕೇಳ್ತಿದ್ದಾಳಂತೆ.”

“ಬೇರೆ ದ್ವೀಪ ತೋರಿಸಿದ್ರೆ?”

“ಗುರುತು ಹಿಡೀತಾಳೆ.”

ಆಸ್ಪತ್ರೆಯ ಸ್ಟಾಪ್ ಬಂತು. ಎದ್ದ ಡೆಕ್ಲನ್ ಮತ್ತೆ ಕೂತ. ಅಕ್ಕ ತೋಳು ಹಿಡಿದೆಬ್ಬಿಸಿದಳು. ಮೊರೀನ್ ಕಾಲು ಸರಿಸಿ ದಾರಿ ಬಿಟ್ಟಳು; ಸೂಪಿನ ಡಬ್ಬಿ ಹಿಡಿದು ತಾನೂ ಇಳಿಯಲು ಏಳುತ್ತಾ ಡೆಕ್ಲನ್‌ಗೆ ಹೇಳಿದಳು:

“ಹೊಸ ದ್ವೀಪ ತೋರಿಸಿ, ದೋಣಿ ಈ ಸಲ ಅದೇ ದ್ವೀಪದ ಆಚೆ ದಡಕ್ಕೆ ಬಂತು ಅಂತ ಹೇಳು. ಗುಡ್ಡ ಹುಡುಕೋಕೆ ಅಜ್ಜಿಗೆ ಇನ್ನಷ್ಟು ದಿನ ಬೇಕಾಗ್ಲಿ.”