ರೆಪ್ಪೆ ಮುಚ್ಚದ ಮಿಲೂದಿ

ದೀಪ ಸಣ್ಣ ಮಾಡ್ರಪ್ಪಾ. ಇದು ಯಾರೋ ಹೇಳಿದ ಗಾಳಿಸುದ್ದಿಯಲ್ಲ, ನನ್ನ ಚಿಕ್ಕಮ್ಮನ ಮಗ ಮಿಲೂದಿಗೆ ಆದದ್ದು. ಬಂದೂಕಿನ ಸದ್ದಿನ ವಿಚಾರ ನನಗೆ ಹೇಳಿಕೊಡಬೇಡಿ. ಈ ದುಕ್ಕಾಲ ಸೀಮೆಯಲ್ಲಿ ನಾನು ಬಂದೂಕು ಹಾರಿಸಿದರೆ ಆಚೆ ಊರಿನ ಕೋಳಿಗಳು ಹೊತ್ತಲ್ಲದ ಹೊತ್ತಿನಲ್ಲಿ ಮೊಟ್ಟೆ ಇಡುತ್ತಿದ್ದವು.

ಅವತ್ತು ಕತ್ತಲಾದ ಮೇಲೆ ಮಿಲೂದಿ ಕುದುರೆಯ ಲಗಾಮು ಹಿಡಿದು ಒಬ್ಬನೇ ಮನೆಗೆ ಬರುತ್ತಿದ್ದ. ತಲೆ ತಗ್ಗಿತ್ತು. ಹಬ್ಬದ ದಿನ ನಮ್ಮ ಸವಾರರು ಸಾಲಾಗಿ ಕುದುರೆ ಓಡಿಸಿ, ಕೊನೆಗೆ ಎಲ್ಲ ಬಂದೂಕುಗಳನ್ನೂ ಆಕಾಶಕ್ಕೆ ಹಾರಿಸಬೇಕು. ಬರೀ ಮದ್ದು, ಗುಂಡಿಲ್ಲ. ಎಷ್ಟು ಬಂದೂಕಿದ್ದರೂ ಸದ್ದು ಒಂದೇ ಆಗಬೇಕು… ಢಂ! ಅವತ್ತಿನ ಅಭ್ಯಾಸದಲ್ಲಿ ಕೇಳಿದ್ದು, ಢಂ… ಟಪ್. ಆ ಟಪ್ ಮಿಲೂದಿಯದು. ಹೋದ ಹಬ್ಬದಲ್ಲಿ ಅವನ ಅಣ್ಣ ಸಲ್ಲಾಮ್ ಇವನ ಪಕ್ಕದಲ್ಲೇ ತನ್ನ ಬಂದೂಕು ಸಿಡಿದು ಸತ್ತಿದ್ದ. ಅಂದಿನಿಂದ ಇವನ ರೆಪ್ಪೆ ಸದ್ದಿಗೆ ಮೊದಲೇ ಮುಚ್ಚುತ್ತಿತ್ತು, ಬೆರಳು ತಡವಾಗುತ್ತಿತ್ತು.

"ಮದುವಣಗಿತ್ತಿ ಥರ ಕಣ್ಣು ಮುಚ್ತೀಯಲ್ಲೋ!" ಅಂದಿದ್ದ ಸಾಲಿನ ಯಜಮಾನ ಅಲ್ಲಾಲ್. "ಹಬ್ಬದ ದಿನಾನೂ ಹೀಗೇ ಆದ್ರೆ ಕುದುರೆ ಇಳಿದು ಕತ್ತೆ ಹತ್ತು. ನಿಮ್ಮಪ್ಪ ಕೂತ ಜಾಗ ಬೇರೆಯವರಿಗೆ."

ದಾರಿಯಲ್ಲಿ ಬಾವಿ. ರಾಟೆ ಕಿರ್ರ್… ಕಿರ್ರ್… ಅಂತಿತ್ತು. ನೀರು ಸೇದುತ್ತಿದ್ದವಳು ಮುದುಕಿ ತಾಮೋ, ಸತ್ತ ಹೆಂಗಸರ ಮೈ ತೊಳೆಯುವವಳು.

"ಅಜ್ಜೀ, ಸದ್ದಾದ್ರೆ ಕಣ್ಣು ಯಾಕೆ ಮುಚ್ಚುತ್ತೆ?"

ಅವಳು ಹಗ್ಗ ಬಿಡಲಿಲ್ಲ. ಪಿಸುಗುಟ್ಟಿದಳು. "ದೊಡ್ಡ ಸದ್ದಿಗೆ ಆ ಕಡೆಯ ಗೋಡೆ ಬಿರಿಯುತ್ತೆ ಮಗಾ. ಸತ್ತವರು ಇಣುಕ್ತಾರೆ. ನಾವು ನೋಡಬಾರದು ಅಂತ್ಲೇ ರೆಪ್ಪೆ."

"ಮುಚ್ಚದಿದ್ರೆ?"

"ನೀನು ಅವರನ್ನ ನೋಡ್ತೀಯ… ಅವರೂ ನಿನ್ನ ನೋಡ್ತಾರೆ."

"ಹೆಣ ತೊಳೆದೂ ತೊಳೆದೂ ನಿನ್ನ ತಲೆ ಕೆಟ್ಟಿದೆ" ಎಂದು ಮಿಲೂದಿ ನಕ್ಕ.

ಮಾರನೆಯ ದಿನ ಹೆಂಡತಿ ರಖಿಯಾ ಕೈಗೆ ತಾಮ್ರದ ತಟ್ಟೆ ಕೊಟ್ಟು ಬಾರಿಸು ಅಂದ, ರೆಪ್ಪೆ ಪಳಗಲಿ ಅಂತ. ಕಿವಿಯ ಹಿಂದೆ ಠಣ್! "ಮುಚ್ಚಿದ್ರಿ." ಠಣ್! "ಮತ್ತೆ ಮುಚ್ಚಿದ್ರಿ. ನಾನು ನಿಮಗೆ ಹೊಡೀತಿದೀನಿ ಅಂತ ಪಕ್ಕದ ಮನೆಯೋಳು ಖುಷಿಯಾಗಿದಾಳೆ." ಹೀಗೇ ನಡೀತು. ಕೊನೆಗೊಂದು ದಿನ… ಠಣ್! ರೆಪ್ಪೆ ಅಲುಗಲಿಲ್ಲ.

ಹಬ್ಬ ಬಂತು. ಸತ್ತ ಸವಾರನ ಜಾಗವನ್ನು ಮುಂದಿನ ಹಬ್ಬ ಮುಗಿಯುವತನಕ ಖಾಲಿ ಬಿಡುವುದು ನಮ್ಮ ಸಾಲಿನ ಪದ್ಧತಿ. ಮಿಲೂದಿಯ ಎಡಕ್ಕೇ ಆ ಖಾಲಿ ಜಾಗ. ಗೊರಸು ದಡದಡ… ಅಲ್ಲಾಲನ ಕೂಗು… ಢಂ!

ಒಂದೇ ಸದ್ದು. ಜನ ಕೇಕೆ ಹಾಕಿದರು. ಮಿಲೂದಿ ಮಾತ್ರ ಕಲ್ಲಾಗಿದ್ದ. ಎಲ್ಲರ ಕಣ್ಣು ಮುಚ್ಚಿದ್ದ ಆ ಗಳಿಗೆಯಲ್ಲಿ, ಹೊಗೆಯೊಳಗೆ, ಖಾಲಿ ಜಾಗದಲ್ಲಿ ಸಲ್ಲಾಮ್ ಕುದುರೆಯ ಮೇಲಿದ್ದ. ಕತ್ತು ತಿರುಗಿಸಿದ. ಗುರುತು ಹಿಡಿದವನ ಹಾಗೆ ನೋಡಿದ.

ಸಾಲಿನಲ್ಲಿ ಮಿಲೂದಿಯ ಜಾಗ ಉಳಿಯಿತು. ಆದರೆ ರೆಪ್ಪೆ ಮತ್ತೆ ಸದ್ದಿಗೆ ಮುಚ್ಚಲಿಲ್ಲ. ಬಾಗಿಲು ದಡ್ ಅಂದರೆ ಅಣ್ಣ ಅಂಗಳದಲ್ಲಿ. ಕೊಡ ಢಣ್ ಅಂದರೆ ಹೊಸ್ತಿಲಲ್ಲಿ. ರಖಿಯಾ ಪಾತ್ರೆಗಳಿಗೆಲ್ಲ ಬಟ್ಟೆ ಸುತ್ತಿದಳು, ತಾಮ್ರದ ತಟ್ಟೆಗೂ. ಮಿಲೂದಿ ಕಿವಿಗೆ ಉಣ್ಣೆ ತುರುಕಿಕೊಂಡ. ಆದರೂ ಒಲೆಯಲ್ಲಿ ಸೌದೆ ಚಟ್ ಅಂದದ್ದು ಕೇಳಿತು.

"ಕಣ್ಣು ಮುಚ್ರೀ…"

"ಆಗ್ತಿಲ್ಲ ಕಣೇ. ಕಲಿತದ್ದು ಮರೆಯೋಕೆ ಆಗ್ತಿಲ್ಲ."

"ಈಗ… ಎಲ್ಲಿದಾನೆ?"

"ನಿನ್ನ ಬೆನ್ನ ಹಿಂದೆ."

ತಾಮೋ ಬಳಿ ಹೋಗಿ ಕಾಲು ಹಿಡಿದ. "ನನಗೆ ತೊಳೆಯೋದಷ್ಟೇ ಗೊತ್ತು ಮಗಾ" ಅಂದಳು.

ಅವತ್ತು ರಾತ್ರಿ ಗುಡುಗಿತು. ರಖಿಯಾ ಕಣ್ಣು ಬಿಟ್ಟಾಗ ಮಿಲೂದಿ ಹಾಸಿಗೆಯಲ್ಲಿ ಪಕ್ಕಕ್ಕೆ ಸರಿದು, ಇನ್ನೊಬ್ಬನಿಗೆ ಆಗುವಷ್ಟು ಜಾಗ ಬಿಡುತ್ತಿದ್ದ. ಬೆಳಿಗ್ಗೆ ಉಸಿರಿರಲಿಲ್ಲ.

ರೆಪ್ಪೆ ಮುಚ್ಚಿದವನು ನಾನೇ, ಇಗೋ ಈ ಹೆಬ್ಬೆರಳಿಂದ. ಆಗ ಅಡುಗೆಮನೆಯಲ್ಲಿ… ಠಣ್! ಕೋಣೆಯಲ್ಲಿದ್ದವರೆಲ್ಲ ಕಣ್ಣು ಮಿಟುಕಿಸಿದೆವು. ನಾನೂ ಮಿಟುಕಿಸಿದೆ, ನಾಚಿಕೆಯೇನಿಲ್ಲ. ಮತ್ತೆ ನೋಡಿದರೆ ಮಿಲೂದಿಯ ಕಣ್ಣು ತೆರೆದಿತ್ತು.

ನಂಬದಿದ್ದರೆ ಬಿಡಿ. ಎದ್ದು ಅಡುಗೆಮನೆಗೆ ಹೋದವನು ನಾನು. ತಾಮ್ರದ ತಟ್ಟೆ ಮೊಳೆಯಲ್ಲೇ ನೇತಾಡುತ್ತಿತ್ತು. ಸುತ್ತಿದ ಬಟ್ಟೆಯ ಗಂಟನ್ನು ಮುಟ್ಟಿ ನೋಡಿದೆ. ಬಿಗಿಯಾಗಿಯೇ ಇತ್ತು.