ಬೇವಿನ ನೆರಳಿನ ತಕರಾರು

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಧಾರವಾಡದ ಬಸ್ಸಿಗೆ ಕಾಯುತ್ತ ಭಾಗೀರಥಿಬಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕದ್ದು ಕೇಳುವ ಚಟ ಅವರಿಗಿರಲಿಲ್ಲ. ಹಿಂದಿನ ಬೆಂಚಿನವರಿಗೆ ಮೆಲ್ಲಗೆ ಮಾತಾಡುವ ಚಟವೂ ಇರಲಿಲ್ಲ. ನೇಸರಗಿ ಕಡೆ ಹೊಲದಲ್ಲೇ ‘ಪರಿಸರಸ್ನೇಹಿ’ ಹೋಟೆಲ್ ತೆರೆದ ಕಲ್ಮೇಶ, ಪಕ್ಕದ ಹೊಲದ ದೇವಕ್ಕನಿಗೆ ಗಂಟುಬಿದ್ದಿದ್ದ.

“ಕಾಕೂ, ಬದುವಿನ ಮ್ಯಾಲಿನ ನಿಮ್ಮ ಬೇವಿನ ಗಿಡ ಕಡಸಿಬಿಡ್ರಿ.”

“ಯಾಕೋ? ಅದೇನ್ ಮಾಡೇತಿ ನಿನಗ?”

“ಅದರ ನೆಳ್ಳು ನಮ್ಮ ಸೋಲಾರ್ ಮ್ಯಾಲ ಬೀಳತೈತ್ರಿ. ಕರೆಂಟ್ ಸಾಲವಲ್ತು.”

“ನಿನ್ನ ಅಂಗಳದಾಗಿನ ಗಿಡ ಎಲ್ಲಿ ಹೋತು?”

“ಅದನ್ನ ಮದ್ಲ ಕಡಸೇನ್ರಿ, ಸೋಲಾರ್ ಕುಂದ್ರಸಾಕ. ಬೋರ್ಡಿನ ಮ್ಯಾಲ ಅದರ ಚಿತ್ರ ತೆಗಸೇನಲ್ರಿ.”

“ಅಷ್ಟ್ ಕರೆಂಟ್ ಯಾತಕ್ಕೋ?”

“ಎಸಿಗ್ರಿ. ಗಿಡ ಹೋದ ಮ್ಯಾಲ ಖೋಲಿ ಒಲಿ ಕಾದಂಗ ಕಾಯಾಕತ್ತಾವು. ಮಂದಿ ಒಳಗ ನಿಂದ್ರವಲ್ರು.”

“ಹೌದೌದು. ದಿನಾ ಮಧ್ಯಾಹ್ನ ನನ್ನ ಗಿಡದ ಬುಡಕ ಚಾಪಿ ಹಾಸಿ ಮಲಗೋರು ಯಾರ ಮಂದಿ?”

ಕಲ್ಮೇಶ ಕೆಮ್ಮಿದ. “ನಮ್ಮವರ ರೀ.”

“ಮಜ್ಜಿಗಿನೂ ನಂದ ಕುಡೀತಾರ. ‘ಹೋಟೆಲ್ ಭಾಳ ತಂಪೈತಿ’ ಅಂತ ನನಗ ಹೇಳಿ ಹೋಗ್ತಾರ.”

“ಇರ್ಲಿ ಬಿಡ್ರಿ ಕಾಕೂ. ಪರಿಸರದ ಸಲುವಾಗಿ ಒಂದ್ ಗಿಡ ಹೋದ್ರ ಏನಾಗತೈತಿ?”

ದೇವಕ್ಕ ಬಾಯಿ ತೆರೆಯುವಷ್ಟರಲ್ಲಿ ನೇಸರಗಿ ಬಸ್ ಬಂತು. ಕಲ್ಮೇಶ ಓಡಿಹೋಗಿ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಬಸ್ಸಿನೊಳಗಿಂದ ಕೂಗಿದ:

“ಕಾಕೂ, ಈ ಬಾಜೂ ಬರ್ರಿ! ಆ ಬಾಜೂ ಬಿಸಲೈತಿ, ಕುಂದ್ರಾಕ ಆಗೂದಿಲ್ಲ!”